ಲಾಭ, ಎರಡು, ಮೂರು

ಹೋದ ತಿಂಗಳು ಗೋವಾದ ವಾಗಟರ್ ಬೀಚಿನಲ್ಲಿ ನನ್ನ ಮೆಚ್ಚಿನ ಗಾಯಕನ ಕಾರ್ಯಕ್ರಮ ಇತ್ತು. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಿ ಅವನ ಕ್ಯಾಸೆಟ್ ಕೊಂಡು, ಟೇಪು ಸಿಕ್ಕುಬಿದ್ದಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ, ಹಾಸ್ಟೆಲಿನ ರೂಮ್‌ಮೇಟ್ ಕೈಯಲ್ಲಿ ಬೈಸಿಕೊಂಡು ಕೇಳಿದವನು ನಾನು. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ‘ಅವನಾ?’ ಎಂದು ಮೂಗು ಮುರಿಯುತ್ತೀರಿ. ಹಿಂದಿಯಲ್ಲಿ ಹಾಡುತ್ತಾನೆ, ಗಿಟಾರ್ ಬಾರಿಸುತ್ತಾನೆ. ಈಗ ತಲೆ ನರೆತಿದೆ. ನನ್ನದೂ ಅಷ್ಟೇ.

ಕಾರ್ಯಕ್ರಮ ಸಂಜೆ ಏಳಕ್ಕೆ. ನಾನು ಮೂರೂವರೆಗೇ ಮಗಳನ್ನು ಕರೆದುಕೊಂಡು ಅಲ್ಲಿದ್ದೆ. “ಜಾತ್ರಿಗಿ ಹೊಂಟಂಗ ಹೊಂಟೀರಲ್ಲ” ಎಂದು ಹೆಂಡತಿ ನಕ್ಕಳು. ಆದರೆ ಡಿಸೆಂಬರಿನಲ್ಲಿ ಮಾಪುಸಾದಿಂದ ವಾಗಟರ್‌ಗೆ ಹೋಗಿ ಕಾರು ನಿಲ್ಲಿಸಿದವರಿಗೆ ಮಾತ್ರ ಗೊತ್ತು ನನ್ನ ಕಷ್ಟ. ತಡವಾದರೆ ಕಾರು ಅಲ್ಲೆಲ್ಲೋ ಗೇರುಮರದ ಕೆಳಗೆ, ನಾವೆಲ್ಲೋ.

ಗೇಟು ಇನ್ನೂ ತೆಗೆದಿರಲಿಲ್ಲ. ಬಿದಿರಿನ ಬೇಲಿಯ ಹೊರಗೆ ಒಂದು ಕಪ್ಪು ಬಂಡೆ ಇತ್ತು. ಅದರ ಮೇಲೆ ಕೂತರೆ ಸ್ಟೇಜು ಪೂರ್ತಿ ಕಾಣುತ್ತಿತ್ತು. ಬಲಕ್ಕೆ ಗುಡ್ಡದ ಮೇಲೆ ಚಾಪೋರಾ ಕೋಟೆ, ಎಡಕ್ಕೆ ಸಮುದ್ರ. ನಮ್ಮ ಹಾಗೇ ಬೇಗ ಬಂದ ಹತ್ತಿಪ್ಪತ್ತು ಜನ ಅಲ್ಲಿ ಇಲ್ಲಿ ಕೂತಿದ್ದರು. ಸೌಂಡ್ ಚೆಕ್ ನಡೆದಿತ್ತು.

ಸೌಂಡ್ ಚೆಕ್ ಎಂದರೆ ಏನೋ ಮಜಾ ಇರುತ್ತದೆ ಅಂದುಕೊಂಡಿದ್ದೆ. ಹತ್ತು ನಿಮಿಷ ಒಬ್ಬ ಡ್ರಮ್ಮಿನ ಒಂದೇ ತುಂಡನ್ನು ‘ದಬ್... ದಬ್... ದಬ್...’ ಎಂದು ಬಡಿದ. ಆಮೇಲೆ ಇನ್ನೊಂದು ತುಂಡು. ಆಮೇಲೆ ತಾಳ. ನಡುವೆ ಸ್ಪೀಕರಿನಿಂದ ಜೋರು ಮಳೆ ಸುರಿದ ಹಾಗೆ ‘ಶ್ಶ್‌’ ಎಂಬ ಸದ್ದು. ಮಗಳು ಐಸ್‌ಕ್ಯಾಂಡಿ ಮುಗಿಸಿ, ಕಡ್ಡಿಯನ್ನೂ ಕಚ್ಚಿ ಮುಗಿಸಿ, “ಇದೇ ಏನು ಪ್ರೋಗ್ರಾಮು?” ಅಂದಳು.

ನನಗೆ ಮಾತ್ರ ಬೇಸರ ಬರಲಿಲ್ಲ. ನಮ್ಮೂರಲ್ಲಿ, ಅಂದರೆ ನರಗುಂದದ ಕಡೆ ಒಂದು ಹಳ್ಳಿಯಲ್ಲಿ, ಜಾತ್ರೆಯ ನಾಟಕಕ್ಕೆ ಮೈಕ್ ಸೆಟ್‌ನವನು ಬರುತ್ತಿದ್ದ. ಬೇವಿನ ಮರಕ್ಕೆ ಎರಡು ಭೋಂಗಾ ಕಟ್ಟಿ, ಮೈಕಿಗೆ ‘ಫೂ ಫೂ’ ಎಂದು ಎರಡು ಸಲ ಊದಿ, ಬೆರಳಿನಿಂದ ಟಕ್ ಟಕ್ ಕುಟ್ಟಿ, “ಹಲೋ ಮೈಕ್ ಟೆಸ್ಟಿಂಗ್” ಅನ್ನುತ್ತಿದ್ದ. ಕುಂಯ್ ಎಂದು ಕೂಗಿತೋ, ಆಂಪ್ಲಿಫೈಯರಿನ ಒಂದು ಗುಂಡಿ ತಿರುವುತ್ತಿದ್ದ. ಮುಗಿಯಿತು. ನಾವು ಹುಡುಗರು ಅವನ ಸುತ್ತ ನಿಂತು ಅವನನ್ನೇ ನೋಡುತ್ತಿದ್ದೆವು. ನಾಟಕದ ರಾಜನಿಗಿಂತ ಅವನೇ ದೊಡ್ಡವನು ಅನಿಸುತ್ತಿತ್ತು.

ಇಲ್ಲಿ ಆ ಕೆಲಸಕ್ಕೆ ಇಂಜಿನಿಯರ್. ಮುಂಬೈ ಕಡೆಯ ಹುಡುಗ, ತಲೆಗೆ ಉಲ್ಟಾ ಟೋಪಿ, ಕೈಯಲ್ಲಿ ಟ್ಯಾಬ್ಲೆಟ್. ಅದರ ಮೇಲೆ ಬೆರಳು ಎಳೆಯುತ್ತಾ ಮರಳಿನಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದ. ಸ್ಟೇಜಿನ ಎರಡೂ ಬದಿ ಬಾಳೆಗೊನೆಯ ಹಾಗೆ ಸಾಲಾಗಿ ಸ್ಪೀಕರು ಇಳಿಬಿಟ್ಟಿದ್ದರು. ಮೈದಾನದ ನಡುವೆ ಇನ್ನೆರಡು ಕಬ್ಬಿಣದ ಗೋಪುರ, ಅವುಗಳ ಮೇಲೂ ಸ್ಪೀಕರು. ಹಿಂದೆ ನಿಂತವರಿಗೆ ಅವು. ಆದರೆ ಅದರಲ್ಲೊಂದು ತೊಡಕಿದೆ. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 100 ಮೀಟರ್ ದಾಟಲು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಸಮಯ ಬೇಕು. ತಂತಿಯಲ್ಲಿ ಆ ಹೊತ್ತೇ ಹಿಡಿಯುವುದಿಲ್ಲ. ಹಾಗಾಗಿ ಗೋಪುರದ ಸ್ಪೀಕರನ್ನು ಅಷ್ಟು ಹೊತ್ತು ಬೇಕೆಂದೇ ತಡಮಾಡಿಸಬೇಕು. ಇಲ್ಲದಿದ್ದರೆ ಹಿಂದಿನವರಿಗೆ ಒಂದೊಂದು ಮಾತೂ ಎರಡೆರಡು ಸಲ ಕೇಳುತ್ತದೆ. ಅದರ ಮೇಲೆ ಸಮುದ್ರದ ಗಾಳಿ ಬೇರೆ. ಅದು ಬೀಸಿದಾಗಲೆಲ್ಲ ತಾಳದ ಸಣ್ಣ ಸದ್ದು ಒಮ್ಮೆ ಹತ್ತಿರ ಬಂದು, ಒಮ್ಮೆ ಎತ್ತಲೋ ಹೋಗಿ, ಈಜಾಡುತ್ತಿತ್ತು. ಇಂಜಿನಿಯರ್ ಒಮ್ಮೆ ಗಾಳಿಯ ಕಡೆಗೇ ತಿರುಗಿ ಏನೋ ಬೈದ.

ಆಮೇಲೆ ಹಾಡುಗಾರನ ಮೈಕಿನ ಸರದಿ. ಗಾಯಕ ಇನ್ನೂ ಬಂದಿರಲಿಲ್ಲ. ಸ್ಟೇಜಿನ ಮೇಲೆ ಕೇಬಲ್ ಸುತ್ತುತ್ತಿದ್ದ ಒಬ್ಬ ಹುಡುಗನಿಗೆ ಇಂಜಿನಿಯರ್ ದೂರದಿಂದಲೇ ಕೂಗಿ ಹೇಳಿದ, “ಮೈಕ್ ಪೆ ಬೋಲ್. ಕುಛ್ ಭೀ ಬೋಲ್.”

ಹುಡುಗ ಕೇಬಲ್ ಕೆಳಗಿಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮೈಕಿನ ಹತ್ತಿರ ಹೋಗಿ ಒಂದು ಕ್ಷಣ ಸುಮ್ಮನೆ ನಿಂತ. ಆಮೇಲೆ ಗೋಪುರದ ಮೇಲೆ ಹತ್ತಿದ್ದವನ ಕಡೆ ನೋಡಿ,

“ಏ ಮಾವಾ... ಕೇಳಸಾಕತ್ತೈತೇನೋ?”

ಇಡೀ ವಾಗಟರ್‌ಗೆ ಕೇಳಿಸಿತು. ಬಂಡೆಯ ಮೇಲೆ ಕೂತಿದ್ದ ನನ್ನ ಎದೆಯೊಳಗೇ ಬಂದು ಕೇಳಿಸಿತು. ಆ ‘ಮಾವಾ’ ಚಾಪೋರಾ ಗುಡ್ಡಕ್ಕೆ ಬಡಿದು ತಿರುಗಿ ಬಂತು. ಅಷ್ಟು ದೊಡ್ಡ ಕನ್ನಡವನ್ನು ನಾನು ಗೋವಾದಲ್ಲಿ ಹದಿನಾರು ವರ್ಷದಲ್ಲಿ ಕೇಳಿರಲಿಲ್ಲ.

“ಗಿನ್ತೀ ಬೋಲ್, ಗಿನ್ತೀ!” ಎಂದ ಇಂಜಿನಿಯರ್. ಎಣಿಸು ಅಂತ. ಹುಡುಗ ಗಂಟಲು ಸರಿಮಾಡಿಕೊಂಡು ಎಣಿಸಿದ.

“ಲಾಭ... ಎರಡ... ಮೂರ... ನಾಕ...”

ಗೋಪುರದ ಮೇಲಿದ್ದವನು ಕಂಬ ಹಿಡಿದುಕೊಂಡು ನಕ್ಕ. ಸ್ಟೇಜಿನ ಕೆಳಗಿದ್ದ ಏಳೆಂಟು ಜನರೂ ನಕ್ಕರು. ಬೇಲಿಯ ಈಚೆ ನಾನೊಬ್ಬನೇ ನಕ್ಕೆ. ಜೋರಾಗಿಯೇ ನಕ್ಕೆ. ಪಕ್ಕದ ಬಂಡೆಯವರು ತಿರುಗಿ ನೋಡಿದರು. ಇಂಜಿನಿಯರಿಗೆ ಇದಾವುದೂ ಬೇಕಿರಲಿಲ್ಲ. ‘ಓಕೆ, ಔರ್ ಬೋಲ್’ ಅಂತ ಬೆರಳು ಎಳೆಯುತ್ತಲೇ ಇದ್ದ.

ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಕಣದಲ್ಲಿ ಜೋಳದ ರಾಶಿ ಅಳೆಯುವಾಗ ಮೊದಲನೆಯ ಅಳತೆಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ನಮ್ಮ ಅಜ್ಜ ಚಪ್ಪಲಿಯನ್ನು ಕಣದ ಹೊರಗೇ ಬಿಟ್ಟು, ತಲೆಗೆ ಟವೆಲ್ ಸುತ್ತಿ, ರಾಶಿಯ ಮುಂದೆ ಮಂಡಿಯೂರಿ ಕೂರುತ್ತಿದ್ದ. ಮೊದಲ ಸಲ ತುಂಬಿ ಚೀಲಕ್ಕೆ ಸುರಿಯುವಾಗ “ಲಾಭ... ಲಾಭ... ಲಾಭ...” ಎಂದು ಎರಡನೆಯದು ತುಂಬುವವರೆಗೂ ರಾಗ ಎಳೆಯುತ್ತಿದ್ದ. ನಡುವೆ ಯಾರೂ ಮಾತಾಡುವಂತಿಲ್ಲ. ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ ಅಂತ ಹೆದರಿಕೆ. ಕೆಲವು ವರ್ಷ ರಾಶಿ ಎಷ್ಟು ಸಣ್ಣದಿರುತ್ತಿತ್ತು ಎಂದರೆ, ಲೆಕ್ಕ ತಪ್ಪಲು ಜಾಗವೇ ಇರುತ್ತಿರಲಿಲ್ಲ. ಆದರೂ ಮೊದಲನೆಯದು ಲಾಭವೇ.

ಇದನ್ನೆಲ್ಲ ಮಗಳಿಗೆ ಹೇಳೋಣ ಎಂದು ತಿರುಗಿದೆ. ಅವಳ ಮುಖ ಅರಳಿತ್ತು. ಕಡ್ಡಿ ಎಸೆದು ಎದ್ದು ನಿಂತಿದ್ದಳು.

“ಪಪ್ಪಾ, ಪಪ್ಪಾ! ಮೈಕಿನ್ಯಾಗ ಕೆಲಸದವ್ರ ಭಾಷಾ!”

ಖುಷಿಯಿಂದಲೇ ಹೇಳಿದಳು. ಅದೇ ನನಗೆ ಜಾಸ್ತಿ ನಾಟಿತು. ಕೀಳು ಮಾಡಿ ಹೇಳಿದ್ದರೆ ಗದರಿಸಬಹುದಿತ್ತು.

“ಹಂಗ್ಯಾಕಂತೀ? ನಾವೂ ಅದನ್ನ ಮಾತಾಡೂದಲ್ಲ?” ಅಂದೆ.

ಹತ್ತು ವರ್ಷದ ಹುಡುಗಿ. ಸ್ವಲ್ಪ ಯೋಚನೆ ಮಾಡಿ ಹೇಳಿದಳು. “ನಾವು ಮನ್ಯಾಗ ಮಾತಾಡತೇವಿ ಪಪ್ಪಾ. ಅವರು ಹೊರಗ ಮಾತಾಡತಾರ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಕಂಡದ್ದನ್ನೇ ಹೇಳಿದ್ದಳು. ಲಿಫ್ಟಿನಲ್ಲಿ ಯಾರಾದರೂ ಬಂದರೆ ನಾನು ಅವಳ ಜೊತೆ ಇಂಗ್ಲಿಷಿಗೆ ಹೊರಳುತ್ತೇನೆ. ಶುಕ್ರವಾರದ ಮಾಪುಸಾ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸು ನಮ್ಮ ಕಡೆಯವಳೇ ಎಂದು ಸೀರೆಯ ಸೆರಗಿನಿಂದಲೇ ಗೊತ್ತಾದರೂ ಮುರುಕು ಕೊಂಕಣಿಯಲ್ಲಿ ಚೌಕಾಸಿ ಮಾಡುತ್ತೇನೆ. ಆಫೀಸಿನಲ್ಲಿ ಊರು ಕೇಳಿದರೆ ‘ಬೆಂಗಳೂರು ಸೈಡ್’. ನರಗುಂದದಿಂದ ಬೆಂಗಳೂರು ಯಾವ ಸೈಡಿಗಿದೆ ಎಂದು ದೇವರಿಗೇ ಗೊತ್ತು. ಇದೆಲ್ಲ ಯಾಕೆ ಅಂತ ಗೋವಾದಲ್ಲಿರುವ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ‘ಘಾಟಿ’ ಎಂಬ ಒಂದು ಮಾತಿದೆ ಇಲ್ಲಿ. ಘಟ್ಟದ ಮೇಲಿನವರು ಅಂತ ಅರ್ಥ, ಅಷ್ಟೇ. ಆದರೆ ಅದನ್ನು ಅನ್ನುವ ಧಾಟಿ ಬೇರೆ. ಕಟ್ಟಡ ಕಟ್ಟುವವರು, ರಸ್ತೆ ಅಗೆಯುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು. ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗದಿಂದ ಬಂದವರು. ಆ ಗುಂಪಿನಲ್ಲಿ ನನ್ನನ್ನು ಸೇರಿಸಿಬಿಟ್ಟಾರು ಎಂಬ ಹೆದರಿಕೆ ನನಗೆ. ಮಗಳು ಯಾರಿಂದಲೋ ಕಲಿತಳು ಎಂದು ಶಾಲೆಯ ಮೇಲೆ ಹಾಕಬಹುದಿತ್ತು. ಅಲ್ಲ, ನನ್ನಿಂದಲೇ ಕಲಿತಳು.

ಒಂದು ತಮಾಷೆ ನೋಡಿ. ಅದೇ ಜನ ಕೆಲಸಕ್ಕೆ ಹೋಗುವ ಗೋವಾ ಸರ್ಕಾರಿ ಬಸ್ಸಿನ ಹೆಸರು ಕದಂಬ. ಗೋವೆಯನ್ನಾಳಿದ ಕದಂಬರು ನಮ್ಮ ಬನವಾಸಿ ಕದಂಬರದೇ ಕವಲು. ಹೆಸರು ಬಸ್ಸಿನ ಮೈಮೇಲೆ ಇದೆ, ಯಾರಿಗೂ ಅಡ್ಡಿಯಿಲ್ಲ. ಒಳಗೆ ಯಾರಾದರೂ ಫೋನಿನಲ್ಲಿ ಜೋರಾಗಿ ಕನ್ನಡ ಮಾತಾಡಿದರೆ ಮುಂದಿನ ಸೀಟಿನವರು ತಿರುಗಿ ನೋಡುತ್ತಾರೆ. ಕೆಲವು ಸಲ ಹಾಗೆ ತಿರುಗಿ ನೋಡಿದವನು ನಾನೇ.

ಗಾಯಕ ಐದಕ್ಕೆ ಬಂದ. ಚಡ್ಡಿ, ಹವಾಯಿ ಚಪ್ಪಲಿ, ಹೆಗಲ ಮೇಲೊಂದು ಟವೆಲ್. ಅದೇ ಹುಡುಗ ಸರಿಮಾಡಿಟ್ಟ ಮೈಕಿನ ಮುಂದೆ ನಿಂತು, ನಾನು ಸಾವಿರ ಸಲ ಕೇಳಿದ ಹಾಡಿನ ಅರ್ಧ ಸಾಲು ಹಾಡಿ ನಿಲ್ಲಿಸಿದ. ತನ್ನ ದನಿ ತನಗೇ ಕೇಳುತ್ತಿಲ್ಲ, ಮಾನಿಟರಿನಲ್ಲಿ, ಅಂದರೆ ಹಾಡುಗಾರನ ಕಡೆ ಮುಖ ಮಾಡಿಟ್ಟ ಸ್ಪೀಕರಿನಲ್ಲಿ, ಸ್ವಲ್ಪ ಜಾಸ್ತಿ ಮಾಡಿ ಎಂದ. ಮತ್ತೆ ಅರ್ಧ ಸಾಲು. ಮತ್ತೆ ನಿಲ್ಲಿಸಿದ. ಬೇರೆ ದಿನವಾಗಿದ್ದರೆ ನಾನು ಆ ಅರ್ಧ ಸಾಲಿಗೇ ಅತ್ತುಬಿಡುತ್ತಿದ್ದೆ.

ರಾತ್ರಿಯ ಕಾರ್ಯಕ್ರಮ ಚೆನ್ನಾಗಿತ್ತು. ಅಷ್ಟೇ ಹೇಳುತ್ತೇನೆ. ಕಣ್ಣ ಮುಂದೆ ಸಾವಿರ ಮೊಬೈಲು, ಅವುಗಳ ಸಂದಿಯಲ್ಲಿ ಅವನು. ಮಧ್ಯಾಹ್ನ ಒಣಗಿದಂತಿದ್ದ ಸದ್ದು ರಾತ್ರಿ ಗಾಳಿ ತಗ್ಗಿ, ಮರಳು ತಣ್ಣಗಾದ ಮೇಲೆ ಮೈಗೆ ಅಂಟುವಂತೆ ಬಂತು. ನೆಲದ ಹತ್ತಿರದ ಗಾಳಿ ತಂಪಾದಾಗ ದನಿ ಮೇಲೆ ಹಾರಿಹೋಗದೆ ಕೆಳಕ್ಕೇ ಬಾಗುತ್ತದೆ. ಅದಕ್ಕೇ ದೂರದ ಊರುಗಳಿಗೂ ರಾತ್ರಿಯೇ ಜಾಸ್ತಿ ಕೇಳುವುದು, ಅಲ್ಲಿನವರು ದೂರು ಕೊಡುವುದೂ ರಾತ್ರಿಯೇ. ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ದಲ್ಲೇ ದೇಶಕ್ಕೆಲ್ಲ ನಿಯಮ ಬಂದಿದೆ. ಹತ್ತಕ್ಕೆ ಐದು ನಿಮಿಷ ಇರುವಾಗ ಹಾಡು ನಿಂತಿತು. ನಮ್ಮ ಊರಿನ ನಾಟಕ ಆ ಹೊತ್ತಿಗೆ ಶುರುವೇ ಆಗುತ್ತಿರಲಿಲ್ಲ.

ಜನ ಕರಗುವವರೆಗೆ ಕಾರು ಹೊರಗೆ ತೆಗೆಯುವ ಹಾಗಿರಲಿಲ್ಲ. ನಾನು ಮಗಳ ಕೈ ಹಿಡಿದು ಸ್ಟೇಜಿನ ಹಿಂದಕ್ಕೆ ಹೋದೆ. ಆ ಹುಡುಗ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಬಲ್ ಸುತ್ತುತ್ತಿದ್ದ. ಒಂದು ಸುತ್ತು ಮೇಲಿಂದ, ಒಂದು ಸುತ್ತು ಒಳಗಿಂದ, ಗಂಟು ಬೀಳದ ಹಾಗೆ. ಮಧ್ಯೆ ಮಧ್ಯೆ ಮರಳನ್ನು ಬೆರಳಲ್ಲಿ ಒರೆಸುತ್ತಿದ್ದ.

“ಯಾವೂರು ತಮ್ಮಾ?”

ತಲೆ ಎತ್ತಿದ. “ಬೀಳಗಿ ತಾಲೂಕ ರೀ.” ಆಮೇಲೆ ನನ್ನನ್ನೇ ದಿಟ್ಟಿಸಿ, “ಮಧ್ಯಾಹ್ನ ಆ ಕಲ್ಲಿನ ಮ್ಯಾಲೆ ಕುಂತ ನಕ್ಕಾವ್ರು ನೀವ ಏನ್ರಿ?”

ಹೌದು ಅಂದೆ. ಹೊಲ ಇದೆಯೇ ಎಂದು ಕೇಳಿದೆ.

“ಅಜ್ಜಗ ಇತ್ತಂತ್ರಿ. ಆಲಮಟ್ಟಿ ಹಿನ್ನೀರಾಗ ಹೋತು. ಪರಿಹಾರದ ರೊಕ್ಕದಾಗ ಒಂದ ಟಂಟಂ ಬಂತು, ಅದೂ ಹೋತು.”

“ಮತ್ತ ಲಾಭ ಎರಡ ಎಲ್ಲಿ ಕಲತಿ?”

“ಮಂದೀ ರಾಶಿ ಮಾಡಾಕ ಹೋಗತಿದ್ನೆಲ್ರಿ. ಅಳದಿದ್ದೆಲ್ಲಾ ಮಂದೀದ.” ನಕ್ಕ. ನಗುತ್ತಲೇ ಮಗಳ ಕಡೆ ತಿರುಗಿದ. “ಅಕ್ಕಾರಿಗೆ ಕನ್ನಡ ಬರತೈತ್ರಿ?”

ಅವಳು ನನ್ನ ಮುಖ ನೋಡಿದಳು. ಹೊರಗೆ ನಿಂತಿದ್ದೇವಲ್ಲ, ಏನು ಹೇಳಬೇಕು ಅಂತ. ನಾನು ಸುಮ್ನೆ ನಿಂತೆ. “ಬರತೈತಿ” ಅಂದಳು, ಮೆಲ್ಲಗೆ.

ಅಷ್ಟರಲ್ಲಿ ಲಾರಿಯ ಹತ್ತಿರದಿಂದ ಸೂಪರ್‌ವೈಸರ್ ಕೂಗಿದ. ಹುಡುಗ ಎದ್ದು ಓಡಿದ. ದೊಡ್ಡ ದೊಡ್ಡ ಕಪ್ಪು ಪೆಟ್ಟಿಗೆಗಳನ್ನು ಇಬ್ಬಿಬ್ಬರು ಎತ್ತಿ ಲಾರಿಗೆ ಏರಿಸುತ್ತಿದ್ದರು. ಲೆಕ್ಕ ಕೂಗುವ ಕೆಲಸ ಇವನದೇ. ಕೂಗಿ ಹೇಳಿದರೆ ಸೂಪರ್‌ವೈಸರ್ ಹಾಳೆಯ ಮೇಲೆ ಗೀಟು ಎಳೆಯುತ್ತಿದ್ದ.

“ಏಕ್... ದೋ... ತೀನ್...”

ಮಗಳು ನನ್ನ ಬೆರಳು ಜಗ್ಗಿದಳು. “ಪಪ್ಪಾ, ಈಗ್ಯಾಕ ಲಾಭ ಅನ್ಲಿಲ್ಲ ಅವಾ?”