ಗೆಲುವಿನ ಶೇಕಡ ಹೇಳದ ಲೆಕ್ಕ

ಕುದುರೆ ರೇಸಿನ ಜಾಕಿಗಳ, ಅಂದರೆ ಸವಾರರ, ಅಂಕಿಅಂಶದ ಪಟ್ಟಿ ಕೈಗೆ ಸಿಕ್ಕರೆ ಎಲ್ಲರ ಕಣ್ಣೂ ಮೊದಲು ಓಡುವುದು ಗೆಲುವಿನ ಶೇಕಡ ಬರೆದಿರುವ ಕಾಲಂಗೆ. ಶೇ. 22 ಇದ್ದರೆ ಭಾರೀ ಜಾಕಿ, ಶೇ. 6 ಇದ್ದರೆ ಪಕ್ಕಕ್ಕಿಡು. ನಾನು ಆ ಕಾಲಂ ನೋಡುವುದು ಕೊನೆಗೆ. ಎಷ್ಟೋ ಸಲ ನೋಡುವುದೇ ಇಲ್ಲ.

ವಿಮೆ ಕಂಪನಿಯಲ್ಲಿ ಪ್ರೀಮಿಯಂ ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಅಲ್ಲಿ ಒಬ್ಬ ಎಷ್ಟು ಗಟ್ಟಿಮುಟ್ಟು ಅನ್ನುವುದು ಅರ್ಧ ಪ್ರಶ್ನೆ ಅಷ್ಟೆ. ಅವನ ಅಪಾಯಕ್ಕೆ ತಕ್ಕ ಹಣ ಕಟ್ಟಿಸಿಕೊಳ್ಳುತ್ತಿದ್ದೇವಾ ಅನ್ನುವುದು ಉಳಿದರ್ಧ. ರೇಸಿನ ವಿಷಯಕ್ಕೆ ಬಂದರೆ ಜನ ಈ ಎರಡನೇ ಅರ್ಧವನ್ನು ಪೂರ್ತಿ ಮರೆತುಬಿಡುತ್ತಾರೆ. ನನ್ನ ಸೋದರಮಾವನೇ ಇದ್ದಾನಲ್ಲ, "ಕುದುರೆ ನೋಡ್ಬೇಡ, ಮೇಲೆ ಕೂತೋನ್ನ ನೋಡು" ಅನ್ನುತ್ತಾನೆ. ಸರಿ, ನೋಡೋಣ. ಆದರೆ ಅವನ ಮೇಲೆ ಹಣ ಹಾಕಿದರೆ ಎಷ್ಟು ಕೊಡುತ್ತಾರೆ ಅನ್ನುವುದನ್ನೂ ಜೊತೆಗೇ ನೋಡಬೇಕಲ್ಲ?

ಲೆಕ್ಕ ಸಣ್ಣದು. ಒಬ್ಬ ಜಾಕಿ ನೂರಕ್ಕೆ ಇಪ್ಪತ್ತು ಗೆಲ್ಲುತ್ತಾನೆ, ಗೆದ್ದಾಗ ಸರಾಸರಿ ಒಂದಕ್ಕೆ 4.20 ಕೊಡುತ್ತಾರೆ ಅಂದುಕೊಳ್ಳಿ. ಅವನ ಪ್ರತಿ ಸವಾರಿಗೂ 1ರಂತೆ ನೂರು ಸಲ ಹಾಕಿದರೆ ಕೈಗೆ ಬರುವುದು 84. ಇನ್ನೊಬ್ಬ ನೂರಕ್ಕೆ ಎಂಟೇ ಗೆಲ್ಲುತ್ತಾನೆ, ಆದರೆ ಅವನ ಸರಾಸರಿ 14. ಅಲ್ಲಿ 112 ಬರುತ್ತದೆ. ಪಟ್ಟಿಯಲ್ಲಿ ಮೊದಲನೆಯವನು ಮೇಲೆ, ಎರಡನೆಯವನು ಎಲ್ಲೋ ತಳದಲ್ಲಿ.

ಶೇಕಡ ಕಾಲಂ ಮೋಸ ಮಾಡುವುದಕ್ಕೆ ಇನ್ನೊಂದು ಕಾರಣವಿದೆ. ಒಳ್ಳೆಯ ಜಾಕಿಗೆ ಒಳ್ಳೆಯ ಕುದುರೆ ಸಿಗುತ್ತದೆ. ಒಳ್ಳೆಯ ಕುದುರೆ ಸಿಕ್ಕಿದ್ದಕ್ಕೆ ಗೆಲ್ಲುತ್ತಾನೆ, ಗೆದ್ದದ್ದಕ್ಕೆ ಮತ್ತೆ ಒಳ್ಳೆಯ ಕುದುರೆ ಸಿಗುತ್ತದೆ. ಶೇ. 95 ತೆಗೆದ ಮಕ್ಕಳನ್ನೇ ಸೇರಿಸಿಕೊಂಡು ಫಲಿತಾಂಶದ ದಿನ ಬ್ಯಾನರ್ ಕಟ್ಟುವ ಟ್ಯೂಷನ್ ಸೆಂಟರಿನ ಕಥೆ ಇದು. ಕಲಿಸಿದ್ದೆಷ್ಟು, ಆರಿಸಿಕೊಂಡದ್ದೆಷ್ಟು ಅಂತ ಬಿಡಿಸುವುದು ಕಷ್ಟ. ಅಮೆರಿಕದ ರಸೆಲ್ ಬೇಝ್ ಅವರನ್ನೇ ತೆಗೆದುಕೊಳ್ಳಿ. 2016ರಲ್ಲಿ ನಿವೃತ್ತರಾಗುವ ಹೊತ್ತಿಗೆ 12,842 ಗೆಲುವು, ಸವಾರಿ 53 ಸಾವಿರಕ್ಕೂ ಮೇಲೆ. ಅಂದರೆ ಹೆಚ್ಚುಕಮ್ಮಿ ನಾಲ್ಕಕ್ಕೊಂದು, ಅದೂ ದಶಕಗಟ್ಟಲೆ. ಅದ್ಭುತ ಸವಾರ, ಎರಡು ಮಾತಿಲ್ಲ. ಆದರೆ ಆ ಗೆಲುವುಗಳಲ್ಲಿ ಬಹುಪಾಲು ಬಂದದ್ದು ಉತ್ತರ ಕ್ಯಾಲಿಫೋರ್ನಿಯಾದ ಟ್ರ್ಯಾಕ್‌ಗಳಲ್ಲಿ. ದೇಶದ ಅತಿ ಕಠಿಣ ಪೈಪೋಟಿ ನಡೆಯುತ್ತಿದ್ದ ಜಾಗ ಅದಲ್ಲ. ಅಲ್ಲಿನ ಶೇ. 24ನ್ನೂ ದೊಡ್ಡ ರೇಸ್‌ಗಳ ಮಧ್ಯೆ ಹೆಣಗುವ ಇನ್ನೊಬ್ಬನ ಶೇ. 14ನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗುವುದಿಲ್ಲ.

ಹಾಗಾದರೆ ನೋಡುವುದೇನನ್ನು? ಜಾಕಿ ಎಷ್ಟು ಗೆದ್ದ ಅನ್ನುವುದನ್ನಲ್ಲ, ಎಷ್ಟು ಗೆಲ್ಲಬೇಕೆಂದು ಜನ ಹಣ ಹಾಕಿದ್ದರೋ ಅದಕ್ಕಿಂತ ಹೆಚ್ಚು ಗೆದ್ದನೇ ಅನ್ನುವುದನ್ನು. ಇದನ್ನು ಲೆಕ್ಕ ಹಾಕಲು ಕಂಪ್ಯೂಟರ್ ಪ್ರೋಗ್ರಾಂ ಬೇಕಿಲ್ಲ, ಒಂದು ಎಕ್ಸೆಲ್ ಶೀಟ್ ಸಾಕು. ಹಾಂಗ್‌ಕಾಂಗ್‌ನ ಉದಾಹರಣೆ ಹಿಡಿಯೋಣ. ಅಲ್ಲಿ ಗೆಲ್ಲುವ ಕುದುರೆಗೆಂದು ಜನ ಹಾಕಿದ ಹಣವೆಲ್ಲ ಸೇರುವ ಪೂಲ್‌ನಿಂದ ಶೇ. 17.5 ಮೊದಲೇ ಮುರಿದುಕೊಂಡು ಉಳಿದ 82.5ನ್ನು ಹಂಚುತ್ತಾರೆ. ಒಂದು ಕುದುರೆಯ ಡಿವಿಡೆಂಡ್, ಅಂದರೆ ಗೆದ್ದರೆ ಕೊಡುವ ಹಣ, ಒಂದಕ್ಕೆ 5 ಇದ್ದರೆ, 82.5ನ್ನು 5ರಿಂದ ಭಾಗಿಸಿ. 16.5. ಅಂದರೆ ಜನರ ಪ್ರಕಾರ ಆ ಕುದುರೆಗೆ ಗೆಲ್ಲುವ ಸಾಧ್ಯತೆ ಶೇ. 16.5. ಜಾಕಿ ಹತ್ತಿದ ಪ್ರತಿ ಕುದುರೆಗೂ, ಗೆದ್ದಿರಲಿ ಸೋತಿರಲಿ, ಹೀಗೆ ಬರೆದು ಕೂಡಿಸಿದರೆ ಅವನ ನಿರೀಕ್ಷಿತ ಗೆಲುವು ಸಿಗುತ್ತದೆ. ನಿಜವಾಗಿ ಗೆದ್ದದ್ದನ್ನು ಇದರಿಂದ ಭಾಗಿಸಿ. 1 ಬಂದರೆ ಜನ ಅವನನ್ನು ಸರಿಯಾಗಿ ಅಳೆದಿದ್ದಾರೆ. 1ಕ್ಕಿಂತ ಕಡಿಮೆ ಬಂದರೆ ಅವನ ಹೆಸರಿಗೇ ಜನ ದುಡ್ಡು ಸುರಿಯುತ್ತಿದ್ದಾರೆ.

1ಕ್ಕಿಂತ ಸ್ವಲ್ಪ ಮೇಲಿದ್ದರೆ ಲಾಭ ಅಂದುಕೊಂಡಿರಾ? ಇಲ್ಲ. ಮುರಿದುಕೊಂಡ ಆ 17.5 ಇದೆಯಲ್ಲ, ಅದನ್ನು ತುಂಬಿಕೊಂಡು ಬರೀ ಸಮಸಮ ಆಗುವುದಕ್ಕೇ ಈ ಅನುಪಾತ 1.21 ಬೇಕು. ಜನ ಎಣಿಸಿದ್ದಕ್ಕಿಂತ ಐದನೇ ಒಂದು ಪಾಲು ಹೆಚ್ಚು ಗೆಲ್ಲುವ ಜಾಕಿ, ಅದೂ ಸೀಸನ್ ಪೂರ್ತಿ! ಮುರಿತ ಶೇ. 20 ದಾಟುವ ಪೂಲ್‌ಗಳೂ ಇವೆ, ಅಲ್ಲಂತೂ ಕೇಳುವುದೇ ಬೇಡ. ಬುಕ್ಕಿಯ ಹತ್ತಿರ ಹಾಕುವವರಿಗೆ ಇದೇ ಮುರಿತ ಬೆಲೆಯೊಳಗೆ, ಅಂದರೆ ಗೆದ್ದರೆ ಒಂದಕ್ಕೆ ಎಷ್ಟು ಕೊಡುತ್ತೇನೆ ಅಂತ ಅವನು ಹೇಳುವ ಅಂಕಿಯೊಳಗೆ, ಅಡಗಿರುತ್ತದೆ. ಎಲ್ಲ ಕುದುರೆಗಳ ಬೆಲೆಯನ್ನು ಶೇಕಡಕ್ಕೆ ತಿರುಗಿಸಿ ಕೂಡಿಸಿದರೆ ಮೊತ್ತ ನೂರನ್ನು ದಾಟುತ್ತದೆ. ದಾಟಿದ್ದಷ್ಟೂ ಅವನದು.

ಇಲ್ಲಿ ನನ್ನ ಉದ್ಯೋಗದ ಚಾಳಿ ಮತ್ತೆ ತಲೆ ಹಾಕುತ್ತದೆ. 150 ಸವಾರಿಗೆ 20 ಗೆಲುವು ನಿರೀಕ್ಷೆ ಇದ್ದ ಜಾಕಿ 25 ಗೆದ್ದ ಅನ್ನಿ. ಅನುಪಾತ 1.25, ಆಹಾ, ಸಿಕ್ಕಿತು ಗಣಿ ಅನ್ನಿಸುತ್ತದೆ. ಆದರೆ ಅವನಲ್ಲಿ ಯಾವ ವಿಶೇಷವೂ ಇಲ್ಲದೆ, ಬರೀ ಅದೃಷ್ಟದಿಂದಲೇ 25 ಅಥವಾ ಅದಕ್ಕಿಂತ ಹೆಚ್ಚು ಗೆಲ್ಲುವ ಸಾಧ್ಯತೆ ಸುಮಾರು ಏಳರಲ್ಲಿ ಒಂದು. ಪಟ್ಟಿಯಲ್ಲಿ ಅಂಥ ನಲವತ್ತು ಜಾಕಿಗಳಿದ್ದರೆ ಐದಾರು ಮಂದಿ ಪ್ರತಿ ವರ್ಷ ಸುಮ್ಮಸುಮ್ಮನೆ ಲಾಭದ ಜಾಕಿಗಳಾಗಿ ಕಾಣುತ್ತಾರೆ. ಮುಂದಿನ ವರ್ಷ ಆ ಐದಾರು ಮಂದಿ ಬೇರೆಯವರು. ಉಲ್ಟಾ ಕೂಡ ಹಾಗೆಯೇ. ಹತ್ತಕ್ಕೊಂದು ಗೆಲ್ಲುವ ಜಾಕಿ ಸತತ ಇಪ್ಪತ್ತು ಸವಾರಿಯಲ್ಲಿ ಒಂದೂ ಗೆಲ್ಲದಿರುವ ಸಾಧ್ಯತೆ ಶೇ. 12. "ಫಾರ್ಮ್ ಹೋಗಿದೆ" ಅಂತ ಮಾತಾಡಿಕೊಳ್ಳುವವರು ಈ ಒಂದು ಗುಣಾಕಾರ ಮಾಡಿ ನೋಡಬೇಕು: 0.9ನ್ನು ಇಪ್ಪತ್ತು ಸಲ ಗುಣಿಸಿ. ಇಂಥ ಖಾಲಿ ಓಟದ ನಂತರ ಅವನ ಕುದುರೆಗಳ ಬೆಲೆ ಏರಿರುತ್ತದೆ. ನನಗೆ ಆಸಕ್ತಿ ಹುಟ್ಟುವುದು ಆಗಲೇ.

ಜಾಕಿಯ ಹೆಸರು ಬೆಲೆಯನ್ನು ಏನು ಮಾಡಬಲ್ಲದು ಅನ್ನುವುದಕ್ಕೆ 1996ರ ಸೆಪ್ಟೆಂಬರ್ 28ಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಇಂಗ್ಲೆಂಡಿನ ಆಸ್ಕಟ್, ಏಳು ರೇಸ್. ಫ್ರಾಂಕಿ ಡೆಟ್ಟೋರಿ ಮೊದಲ ಆರನ್ನೂ ಗೆದ್ದುಬಿಟ್ಟಿದ್ದರು. ಏಳನೆಯದರಲ್ಲಿ ಅವರ ಕುದುರೆ ಫುಜಿಯಾಮಾ ಕ್ರೆಸ್ಟ್. ಎರಡು ಮೈಲಿಯ ಹ್ಯಾಂಡಿಕ್ಯಾಪ್, ಅಂದರೆ ಒಳ್ಳೆಯ ಕುದುರೆಗೆ ಹೆಚ್ಚು ತೂಕ ಹೊರಿಸಿ ಸಮ ಮಾಡುವ ರೇಸ್; ಇದು ಎಲ್ಲರಿಗಿಂತ ಹೆಚ್ಚು ತೂಕ ಹೊತ್ತಿತ್ತು. ಬೆಳಿಗ್ಗೆ ಅದರ ಬೆಲೆ 12ಕ್ಕೆ 1, ಅಂದರೆ ಗೆದ್ದರೆ ಹಾಕಿದ ಒಂದರ ಜೊತೆ 12 ಲಾಭ. ಗೇಟ್ ತೆರೆಯುವ ಹೊತ್ತಿಗೆ 2ಕ್ಕೆ 1. ಬೆಳಿಗ್ಗೆಯಿಂದ ಸಂಜೆಯೊಳಗೆ ಆ ಕುದುರೆಯ ಕಾಲಿಗೇನೂ ಬಲ ಬಂದಿರಲಿಲ್ಲ, ಬೆನ್ನ ಮೇಲಿನ ತೂಕ ಒಂದು ಪೌಂಡೂ ಇಳಿದಿರಲಿಲ್ಲ. ಹದಿಮೂರರಲ್ಲಿ ಒಂದು ಇದ್ದ ಸಾಧ್ಯತೆಯನ್ನು ಮಾರುಕಟ್ಟೆ ಮೂರರಲ್ಲಿ ಒಂದು ಅಂತ ಮಾರುತ್ತಿತ್ತು. ಬೆಳಿಗ್ಗೆಯೇ ಡೆಟ್ಟೋರಿಯ ಕುದುರೆಗಳನ್ನೆಲ್ಲ ಒಟ್ಟಿಗೆ ಕಟ್ಟಿ ಹಾಕಿದ್ದವರ ಹಣ ಒಂದರ ಮೇಲೊಂದು ಬೆಳೆದು ಈ ಕುದುರೆಯ ಮೇಲೆ ಬಂದು ನಿಂತಿತ್ತು. ಗೆದ್ದರೆ ಕೊಡಬೇಕಾದ ಮೊತ್ತ ನೆನೆದು ಬುಕ್ಕಿಗಳು ಬೆಲೆಯನ್ನು ತುಳಿದು ಇಳಿಸಿದರು.

ಕುದುರೆ ಗೆದ್ದಿತು. ಶುರುವಿನಿಂದ ಮುಂದೆಯೇ ಓಡಿ, ಕೊನೆಯಲ್ಲಿ ಪ್ಯಾಟ್ ಎಡ್ಡರಿ ಹತ್ತಿದ್ದ ನಾರ್ದರ್ನ್ ಫ್ಲೀಟ್ ಮೈಮೇಲೆ ಬಂದರೂ ಕತ್ತಿನಷ್ಟು ಅಂತರ ಉಳಿಸಿಕೊಂಡಿತು. ಬುಕ್ಕಿಗಳಿಗೆ ಕೋಟಿಗಟ್ಟಲೆ ಪೌಂಡ್ ನಷ್ಟ. ಮಾವ ಈ ರೇಸನ್ನು ತನ್ನ ಪರವಾಗಿ ಬಳಸುತ್ತಾನೆ, "ನೋಡಿದ್ಯಾ, ಮೇಲೆ ಕೂತೋನು!" ನಾನು ಅದೇ ರೇಸನ್ನು ನನ್ನ ಪರವಾಗಿ ಬಳಸುತ್ತೇನೆ. ಬೆಳಿಗ್ಗೆ 12ಕ್ಕೆ ಹಾಕಿದವನು ಒಂದು ಕುದುರೆ ಕೊಂಡ. ಸಂಜೆ 2ಕ್ಕೆ ಹಾಕಿದವನು ಆರು ರೇಸಿನ ಚಪ್ಪಾಳೆ ಕೊಂಡ. ಇಬ್ಬರಿಗೂ ದುಡ್ಡು ಬಂತು, ನಿಜ. ಆದರೆ ಎರಡನೆಯದನ್ನೇ ಅಭ್ಯಾಸ ಮಾಡಿಕೊಂಡವನ ಗತಿ ವರ್ಷದ ಕೊನೆಗೆ ಏನಾಗುತ್ತದೆ ಅಂತ ಮಾವನ ಡೈರಿ ನೋಡಿದರೆ ತಿಳಿಯುತ್ತದೆ. ಅವನು ತೋರಿಸುವುದಿಲ್ಲ.

ಜಾಕಿ ಲೆಕ್ಕಗಳೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಕೆಲವು ವಿವರಗಳು ಇವತ್ತಿಗೂ ಹಣಕ್ಕೆ ತಕ್ಕ ಮಾತಾಡುತ್ತವೆ.

ಯಾರು ಯಾವುದನ್ನು ಬಿಟ್ಟು ಯಾವುದನ್ನು ಹತ್ತಿದ ಅನ್ನುವುದು ಒಂದು. ಒಬ್ಬ ಟ್ರೇನರ್‌ನ ಎರಡು ಕುದುರೆ ಒಂದೇ ರೇಸಿನಲ್ಲಿದ್ದು, ಲಾಯದ ಮೊದಲ ಜಾಕಿಗೆ ಆಯ್ಕೆ ಇದ್ದರೆ, ಅವನು ಬೆಳಗಿನ ಟ್ರ್ಯಾಕ್ ವರ್ಕ್‌ನಲ್ಲಿ ಎರಡರ ಮೇಲೂ ಕೂತು ನೋಡಿರುವ ಸಾಧ್ಯತೆ ಹೆಚ್ಚು. ಅವನ ಆಯ್ಕೆ ಒಂದು ಮಾಹಿತಿ. ಆದರೆ ಇದನ್ನು ನಾನೊಬ್ಬನೇ ನೋಡುತ್ತಿಲ್ಲ, ಎಲ್ಲರೂ ನೋಡುತ್ತಾರೆ. ಬಿಟ್ಟ ಕುದುರೆಯ ಬೆಲೆ ಕೆಲವೊಮ್ಮೆ ಅತಿಯಾಗಿ ಹಿಗ್ಗುತ್ತದೆ. ಜಾಕಿಗಳ ಆಯ್ಕೆಯೂ ಆಗಾಗ ಕೈಕೊಡುತ್ತದೆ, ಅವರೂ ನಮ್ಮಂಥವರೇ. ಹಾಗಾಗಿ ಶೀಟಿನಲ್ಲಿ ಹತ್ತಿದ ಕುದುರೆಗೊಂದು, ಬಿಟ್ಟ ಕುದುರೆಗೊಂದು ಕಾಲಂ ಇಟ್ಟಿದ್ದೇನೆ. ಟ್ರೇನರ್ ಮತ್ತು ಜಾಕಿ ಜೋಡಿಯ ಲೆಕ್ಕವನ್ನೂ ಬೇರೆ ಇಡುತ್ತೇನೆ. ಅಪರೂಪಕ್ಕೆ ದೊಡ್ಡ ಜಾಕಿಯನ್ನು ಕರೆಸುವ ಸಣ್ಣ ಲಾಯಗಳ ಮೇಲೆ ನನಗೆ ವಿಶೇಷ ಕಣ್ಣು.

ಅಪ್ರೆಂಟಿಸ್ ಜಾಕಿಗಳದು ಇನ್ನೂ ಸ್ವಾರಸ್ಯ. ಅನುಭವ ಕಡಿಮೆ ಅಂತ ಅವರ ಕುದುರೆಗೆ ತೂಕದಲ್ಲಿ ರಿಯಾಯಿತಿ ಸಿಗುತ್ತದೆ. ಬ್ರಿಟನ್ನಿನ ಫ್ಲ್ಯಾಟ್ (ಅಡ್ಡಿ ಹಾರುವುದಿಲ್ಲದ) ರೇಸ್‌ಗಳಲ್ಲಿ 20 ಗೆಲ್ಲುವವರೆಗೆ 7 ಪೌಂಡ್, 50ರವರೆಗೆ 5, 95ರವರೆಗೆ 3. ಮೈಲಿ ಓಟದಲ್ಲಿ ಸುಮಾರು ಎರಡು ಪೌಂಡಿಗೆ ಒಂದು ಲೆಂಗ್ತ್ (ಒಂದು ಕುದುರೆಯ ಉದ್ದದಷ್ಟು ಅಂತರ) ಅನ್ನುವ, ತೂಕ ನಿಗದಿ ಮಾಡುವ ಹ್ಯಾಂಡಿಕ್ಯಾಪರ್‌ಗಳ ಸ್ಥೂಲ ಲೆಕ್ಕ ಹಿಡಿದರೆ 5 ಪೌಂಡ್ ಅಂದರೆ ಎರಡೂವರೆ ಲೆಂಗ್ತ್, ಕಾಗದದ ಮೇಲೆ. ಹುಡುಗ ನಿಜಕ್ಕೂ ಎರಡೂವರೆ ಲೆಂಗ್ತ್‌ನಷ್ಟು ಕಚ್ಚಾ ಇದ್ದಾನಾ? 22 ಗೆದ್ದವನು ಇರಬಹುದು. 45 ಗೆದ್ದು, ವಾರಕ್ಕೊಂದರಂತೆ ಗೆಲ್ಲುತ್ತಿರುವವನು ಇರಲಾರ. ಮಿತಿ ದಾಟುವ ಮುನ್ನದ ಆ ಕೆಲವು ವಾರಗಳಲ್ಲಿ ಚುರುಕು ಟ್ರೇನರ್‌ಗಳು ಅವನನ್ನು ಯಾವ ಕುದುರೆಗೆ ಕೂರಿಸುತ್ತಾರೆ ಅಂತ ನೋಡಿ. ಅವನ ಒಟ್ಟು ಗೆಲುವಿನ ಶೇಕಡ ಇನ್ನೂ ಬಡಕಲಾಗಿಯೇ ಇರುತ್ತದೆ, ಏಕೆಂದರೆ ಶುರುವಿನಲ್ಲಿ ಅವನಿಗೆ ಸಿಕ್ಕಿದ್ದೆಲ್ಲ ಯಾರಿಗೂ ಬೇಡವಾದ ಕುದುರೆಗಳು.

ಮತ್ತೆ ಸವಾರಿಯ ಶೈಲಿ. ಇದಕ್ಕೆ ಅಂಕಿಗಿಂತ ರೀಪ್ಲೇ ಒಳ್ಳೆಯದು. ಕೊನೆಯ ಫರ್ಲಾಂಗ್ ಎಲ್ಲರೂ ನೋಡುತ್ತಾರೆ, ನಾನು ಮೊದಲ ಫರ್ಲಾಂಗ್ ನೋಡುತ್ತೇನೆ. ಗೇಟ್ ತೆರೆದಾಗ ಯಾರ ಮೊಣಕೈ ಮೊದಲು ಅಲ್ಲಾಡುತ್ತದೆ, ಯಾರು ಲಗಾಮು ಹಿಡಿದು ಹಿಂದಕ್ಕೆ ಒರಗುತ್ತಾರೆ, ಹೊರಗಿನ ಗೇಟ್‌ನಿಂದ ಬಂದವನು ತಿರುವಿಗೆ ಮುಂಚೆ ಒಳಗೆ ನುಗ್ಗುತ್ತಾನಾ ಅಥವಾ ಅಗಲವಾಗಿ ಸುತ್ತು ಹೊಡೆಯುತ್ತಾನಾ. ಮುಂದೆ ಓಡಿಯೇ ಅಭ್ಯಾಸವಿರುವ ಕುದುರೆಗೆ ತಾಳ್ಮೆಯ ಜಾಕಿ ಸಿಕ್ಕರೆ ಆ ಜೋಡಿ ನನಗೆ ಬೇಡ, ಅವನ ಶೇಕಡ ಎಷ್ಟೇ ಇರಲಿ.

ಲೆಕ್ಕಾಚಾರದ ಮಂದಿ ಇದನ್ನೆಲ್ಲ ಯಾವಾಗಲೋ ಮಾಡಿ ಮುಗಿಸಿದ್ದಾರೆ ಅನ್ನುವುದನ್ನೂ ಮರೆಯಬಾರದು. 1986ರಲ್ಲಿ ರೂತ್ ಬೋಲ್ಟನ್ ಮತ್ತು ರ‍್ಯಾಂಡಲ್ ಚಾಪ್‌ಮನ್ ಪ್ರಕಟಿಸಿದ, ಕುದುರೆಗಳ ಗೆಲ್ಲುವ ಸಾಧ್ಯತೆ ಅಂದಾಜಿಸುವ ಗಣಿತದ ಮಾದರಿಯಲ್ಲೇ ಜಾಕಿಯ ಗೆಲುವಿನ ಶೇಕಡ, ಗೆಲುವಿನ ಸಂಖ್ಯೆ ಎರಡೂ ಇದ್ದವು, ಕುದುರೆಯ ವೇಗ, ತೂಕ, ಗೇಟ್ ನಂಬರ್‌ಗಳ ಪಕ್ಕದಲ್ಲಿ. ಹಾಂಗ್‌ಕಾಂಗ್‌ನಲ್ಲಿ ಅಪಾರ ಹಣ ಗೆದ್ದ ವಿಲಿಯಂ ಬೆಂಟರ್ 1994ರಲ್ಲಿ ತಮ್ಮ ವಿಧಾನದ ಬಗ್ಗೆ ಬರೆದಾಗ ನನಗೆ ಅತಿ ಮುಖ್ಯ ಅನ್ನಿಸಿದ್ದು ಒಂದೇ: ಅವರು ತಮ್ಮ ಮಾದರಿಯನ್ನು ಒಂಟಿಯಾಗಿ ನಂಬಲಿಲ್ಲ, ಜನ ಕಟ್ಟಿದ ಬೆಲೆಯನ್ನೂ ಅದರೊಳಗೆ ಬೆರೆಸಿದರು. ಅಷ್ಟು ತಲೆ ಇದ್ದವರೇ ಬೋರ್ಡಿನ ಮೇಲಿನ ಬೆಲೆಗೆ ಮರ್ಯಾದೆ ಕೊಟ್ಟಿದ್ದಾರೆ. ಜಾಕಿಯ ಹೆಸರು ಆ ಬೆಲೆಯೊಳಗೆ ಆಗಲೇ ಕೂತಿದೆ. ಇನ್ನೊಮ್ಮೆ ಅದನ್ನೇ ಎಣಿಸಿದರೆ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕೊಟ್ಟಂತೆ.

ಶೀಟ್ ಮಾಡಿಕೊಳ್ಳುವವರಿಗೆ ಒಂದು ಕಿವಿಮಾತು, ಇದು ಎಲ್ಲರೂ ತಪ್ಪಿಸುವ ಹೆಜ್ಜೆ. ಬಹಳಷ್ಟು ಕಡೆ ಜನ ಗೆಲ್ಲುವ ಸಾಧ್ಯತೆ ಕಡಿಮೆ ಇದ್ದು ಬೆಲೆ ದೊಡ್ಡದಿರುವ ಕುದುರೆಗಳ ಮೇಲೆ ಅಗತ್ಯಕ್ಕಿಂತ ಹೆಚ್ಚು ಹಣ ಹಾಕುತ್ತಾರೆ, ಫೇವರಿಟ್ ಮೇಲೆ ತುಸು ಕಡಿಮೆ. ಹಾಗಾಗಿ ಬರೀ 30, 40ರ ಕುದುರೆಗಳನ್ನೇ ಹತ್ತುವ ಜಾಕಿಯ ಅನುಪಾತ ತಾನಾಗಿಯೇ ಕೆಳಗಿಳಿಯುತ್ತದೆ, ಅದರಲ್ಲಿ ಅವನ ತಪ್ಪಿಲ್ಲ. ಒಂದೇ ಬೆಲೆಯ ಗುಂಪಿನೊಳಗೆ ಹೋಲಿಸಿ. ನನ್ನ ಶೀಟಿನಲ್ಲಿ 4ರವರೆಗೆ ಒಂದು ಗುಂಪು, 4ರಿಂದ 10 ಇನ್ನೊಂದು, ಅದರ ಮೇಲಿನದು ಮೂರನೆಯದು. ಸದ್ಯಕ್ಕೆ ಮಧ್ಯದ ಗುಂಪಿನಲ್ಲಿ ದೂರದ ಓಟಗಳ ಒಬ್ಬ ಜಾಕಿ 1.21ರ ಗೆರೆಯ ಮೇಲಿದ್ದಾನೆ. ಸವಾರಿಗಳ ಸಂಖ್ಯೆ ಇನ್ನೂ ಸಾಲದು. ಈ ಸೀಸನ್ ಮುಗಿಯುವವರೆಗೆ ಅವನ ಹೆಸರನ್ನು ಮಾವನಿಗಂತೂ ಹೇಳುವುದಿಲ್ಲ.