ರಣದ ಉಪ್ಪು, ಬೆಲುಂನ ಕತ್ತಲು: ಮುಂಬಯಿ, ಪುಣೆಯಿಂದ ಕಾರಿನಲ್ಲಿ ಹೊರಡುವವರಿಗೆ

ಡಿಸೆಂಬರ್ ರಜೆ ಬಂತೆಂದರೆ ಮುಂಬಯಿ, ಪುಣೆಯ ಕನ್ನಡಿಗರ ಕಾರುಗಳು ಹಿಡಿಯುವುದು ಎರಡೇ ದಾರಿ. ಕೊಲ್ಹಾಪುರ ಅಥವಾ ಸೊಲ್ಲಾಪುರ ದಾಟಿ ಊರಿಗೆ, ಇಲ್ಲವಾದರೆ ಗೋವಾಕ್ಕೆ. ಉತ್ತರಕ್ಕೆ ಮುಖ ಮಾಡಿದರೆ ಗುಜರಾತಿನ ಕಛ್‌ನ ರಣ ಎಂಬ ಉಪ್ಪಿನ ಬಯಲಿದೆ. ಊರಿನ ದಾರಿಯಲ್ಲೇ ಬಳ್ಳಾರಿಯಿಂದ ಸ್ವಲ್ಪ ಪೂರ್ವಕ್ಕೆ ಸರಿದರೆ ಬೆಲುಂ ಗುಹೆಯಿದೆ. ಒಂದು ಕಣ್ಣು ಕುಕ್ಕುವ ಬಿಳುಪು, ಇನ್ನೊಂದು ಗವ್ವೆನ್ನುವ ಕತ್ತಲು. ಆದರೆ ತಯಾರಿಯ ಲೆಕ್ಕ ಎರಡಕ್ಕೂ ಒಂದೇ: ಕೈಲಿರುವ ನೀರು, ಇಂಧನ, ಬೆಳಕಿನಲ್ಲಿ ಮೂರನೇ ಒಂದು ಪಾಲು ಹೋಗುವುದಕ್ಕೆ, ಇನ್ನೊಂದು ಪಾಲು ಬರುವುದಕ್ಕೆ, ಉಳಿದ ಪಾಲನ್ನು ಮುಟ್ಟುವ ಹಾಗಿಲ್ಲ. ನೀರು ತುಂಬಿದ ಗುಹೆಗಳಿಗೆ ಇಳಿಯುವ ಡೈವರ್‌ಗಳು ತಮ್ಮ ಸಿಲಿಂಡರಿನ ಗಾಳಿಗೆ ಹಾಕಿಕೊಂಡ ನಿಯಮ ಇದು. ಇಬ್ಬನಿಯಂತೆ ಹೊಳೆಯುವ ಉಪ್ಪಿನ ಬಯಲಿಗೂ ಸರಿಯಾಗಿ ಹೊಂದುತ್ತದೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ರಣ ಎಂದರೆ ಮರಳುಗಾಡಲ್ಲ. ಥಾರ್‌ನ ಮರಳ ದಿಣ್ಣೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರೇ ಇಲ್ಲಿ ಹೂತುಹೋಗುವುದು. ಮಳೆಗಾಲದಲ್ಲಿ ನೈಋತ್ಯದ ಗಾಳಿ ಸಮುದ್ರದ ನೀರನ್ನು ಒಳಕ್ಕೆ ತಳ್ಳುತ್ತದೆ, ಲೂಣಿ, ಬನಾಸ್, ರೂಪೇಣ್ ನದಿಗಳ ನೀರೂ ಬಂದು ಸೇರುತ್ತದೆ. ಇಡೀ ಬಯಲು ತೆಳ್ಳಗಿನ ಕೆರೆಯಾಗಿಬಿಡುತ್ತದೆ. ಮಳೆ ನಿಂತ ಮೇಲೆ ಆ ನೀರು ಆರುತ್ತಾ ಆರುತ್ತಾ ಮೇಲೆ ಉಪ್ಪು ಕಟ್ಟುತ್ತದೆ. ಕೆಳಗಿನ ಬೂದುಗಪ್ಪು ಜೇಡಿ ಮಾತ್ರ ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮೇಲೆ ಹಪ್ಪಳ, ಕೆಳಗೆ ದೋಸೆಹಿಟ್ಟು ಎಂದರೆ ಸರಿಹೋದೀತು. ಬಯಲು ಅಂಚಿನಿಂದ ನಡುವಿಗೆ ಒಣಗುತ್ತಾ ಬರುವುದರಿಂದ ದಡದಲ್ಲಿ ಗಟ್ಟಿಯಾಗಿ ಕಂಡದ್ದನ್ನು ನಂಬಿ ಒಳಗೆ ನುಗ್ಗುವ ಹಾಗಿಲ್ಲ. ಮುಲುಂಡ್, ಮಾಟುಂಗಾದಲ್ಲಿ ಕಛೀ ಅಂಗಡಿಯವರು ಬೇಕಾದಷ್ಟು ಜನ ಇದ್ದಾರೆ. ಹೊರಡುವ ವಾರ ಅವರನ್ನು ಒಂದೇ ಪ್ರಶ್ನೆ ಕೇಳಿ: ಈ ವರ್ಷ ಮಳೆ ಯಾವಾಗ ನಿಂತಿತು? ತಡವಾಗಿ ನಿಂತಿದ್ದರೆ ಡಿಸೆಂಬರಿನಲ್ಲೂ ಬಿಳಿ ರಣದ ಬದಲು ನೀರೇ ಸಿಗಬಹುದು. ನನ್ನ ಮಟ್ಟಿಗೆ ಜನವರಿಯ ನಡುವಿನಿಂದ ಫೆಬ್ರವರಿ ಕೊನೆಯವರೆಗಿನ ಕಾಲವೇ ಉತ್ತಮ.

ಉಪ್ಪನ್ನು ಹತ್ತಿರದಿಂದ, ಕುಕ್ಕರುಗಾಲಿನಲ್ಲಿ ಕೂತು ನೋಡಬೇಕು. ಮೇಲ್ಮೈ ಐದಾರು ಮೂಲೆಯ ಬಿಲ್ಲೆಗಳಾಗಿ ಸೀಳಿರುತ್ತದೆ, ಸೀಳಿನ ಗುಂಟ ಉಪ್ಪಿನ ಸಣ್ಣ ಏಣು ಎದ್ದಿರುತ್ತದೆ. ಹೆಜ್ಜೆಯಿಟ್ಟಾಗ ಗರಿಗರಿ ಸದ್ದು ಬಂದು ಗುರುತು ಬಿಳಿಯಾಗಿಯೇ ಉಳಿದರೆ ಅಲ್ಲಿ ನಡೆಯಬಹುದು. ಸದ್ದು ಮೆತ್ತಗಾಗಿ ಹಿಮ್ಮಡಿಯ ಸುತ್ತ ಬೂದು ಬಣ್ಣದ ತೇವ ಏರಿತೆಂದರೆ ಅಲ್ಲಿಂದಲೇ ಹಿಂದಕ್ಕೆ. ಉದ್ದನೆಯ ಸ್ಕ್ರೂ ಡ್ರೈವರ್ ಒತ್ತಿ ನೋಡಿ. ಮೊದಲು ಕಟಕ್ ಎಂದು ಆಮೇಲೆ ಬೆಣ್ಣೆಗೆ ಇಳಿದಂತೆ ಇಳಿದರೆ ಕೆಳಗಿರುವುದು ಕೆಸರು.

"ನಾವು ನಡೆದೆವಲ್ಲ, ಕಾರೂ ಹೋದೀತು" ಎನ್ನುವ ಮಾತು ಅಲ್ಲಿ ಬಹಳ ಸಲ ಕೇಳಿಬರುತ್ತದೆ. ಲೆಕ್ಕ ಹಾಕೋಣ. 70 ಕೆ.ಜಿ. ತೂಕದ ಮನುಷ್ಯ ಒಂದು ಪಾದದ ಮೇಲೆ ನಿಂತರೆ ಭಾರ ಸುಮಾರು 150 ಚದರ ಸೆಂ.ಮೀ. ಮೇಲೆ ಹರಡುತ್ತದೆ. ಅಂದರೆ ಚದರ ಸೆಂ.ಮೀ.ಗೆ ಅರ್ಧ ಕೆ.ಜಿ.ಯೂ ಇಲ್ಲ. ಟೈರು ನೆಲಕ್ಕೆ ಕೊಡುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. 32 ಪಿಎಸ್‌ಐ ಎಂದರೆ ಚದರ ಸೆಂ.ಮೀ.ಗೆ 2.25 ಕೆ.ಜಿ., ಪಾದದ ಒತ್ತಡದ ಐದು ಪಟ್ಟು. ಗಾಳಿಯನ್ನು 18ಕ್ಕೆ ಇಳಿಸಿದರೂ ಎರಡೂವರೆ ಪಟ್ಟಿಗಿಂತ ಕಡಿಮೆಯಾಗದು. ಮರಳಿನಲ್ಲಿ ಗಾಳಿ ಇಳಿಸುವ ಉಪಾಯ ಕೆಲಸ ಮಾಡುತ್ತದೆ, ಏಕೆಂದರೆ ಮರಳು ಭಾರ ಬಿದ್ದಾಗ ಒತ್ತಿಕೊಂಡು ಗಟ್ಟಿಯಾಗುತ್ತದೆ. ಹಸಿ ಜೇಡಿ ಹಾಗಲ್ಲ, ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಡುತ್ತದೆ. ಆದ್ದರಿಂದ ಉಪ್ಪಿನ ಮೇಲೆ ಕಾರು ಇಳಿಸಲೇಬಾರದು. ಫೋರ್‌ ವೀಲ್ ಡ್ರೈವ್ ಇದ್ದರೆ ಇನ್ನೂ ಸ್ವಲ್ಪ ಒಳಗೆ ಹೋಗಿ ಹೂತುಕೊಳ್ಳುತ್ತೀರಿ, ಅಷ್ಟೇ ವ್ಯತ್ಯಾಸ.

ಹಾಗಾದರೆ ಎಲ್ಲಿ ಓಡಿಸುವುದು? ಕಛ್‌ನ ಮುಖ್ಯ ಊರು ಭುಜ್‌ನಿಂದ ಉತ್ತರಕ್ಕೆ ಭಿರಂಡಿಯಾರಾ, ಖಾವ್ಡಾ ದಾಟಿ ರಣದ ಮೇಲೆಯೇ ಏರಿಸಿ ಕಟ್ಟಿದ ರಸ್ತೆಯೊಂದು ಖಡೀರ್ ದ್ವೀಪದ ಧೋಳಾವೀರಾಕ್ಕೆ ಹೋಗುತ್ತದೆ. ಎರಡೂ ಬದಿ ಬಿಳುಪು, ಸುಮಾರು 30 ಕಿ.ಮೀ. ಭುಜ್‌ನಿಂದ ಧೋಳಾವೀರಾಕ್ಕೆ ಒಟ್ಟು 140 ಕಿ.ಮೀ. ಆಸುಪಾಸು. ಧೋರ್ಡೋದ ಬಿಳಿ ರಣಕ್ಕೆ ಪರವಾನಗಿ ಬೇಕು, ಪ್ರತಿಯೊಬ್ಬರ ಗುರುತಿನ ಚೀಟಿಯ ಎರಡೆರಡು ಜೆರಾಕ್ಸ್ ಕಾರಿನಲ್ಲೇ ಇರಲಿ. ಅದು ಗಡಿ ಪ್ರದೇಶ. ಡ್ರೋನ್ ಮನೆಯಲ್ಲೇ ಬಿಟ್ಟುಬನ್ನಿ, ಬಿಎಸ್‌ಎಫ್‌ನವರು ನಿಲ್ಲಿ ಎಂದ ಕಡೆ ನಿಂತುಬಿಡಿ. ಕಾಡುಕತ್ತೆಗಳನ್ನು ನೋಡಬೇಕಾದರೆ ಬೇರೆಯದೇ ಆದ ಚಿಕ್ಕ ರಣಕ್ಕೆ, ಬಜಾಣಾ ಅಥವಾ ಧ್ರಾಂಗಧ್ರಾ ಕಡೆಯಿಂದ. ಸುಮಾರು 4,950 ಚದರ ಕಿ.ಮೀ.ಯ ಅಭಯಾರಣ್ಯ ಅದು. ಅರಣ್ಯ ಇಲಾಖೆಯ ಪರವಾನಗಿ ಪಡೆದು ಸ್ಥಳೀಯರ ಜೀಪಿನಲ್ಲೇ ಹೋಗಿ. ಉಪ್ಪು ಬೆಳೆಯುವ ಅಗರಿಯಾಗಳ ಟ್ಯಾಂಕರು, ಟ್ರಾಕ್ಟರುಗಳು ದಿನವೂ ಓಡಾಡಿ ಗಟ್ಟಿಯಾದ ಜಾಡು ಯಾವುದು, ಹೋದ ವಾರ ಕೈಬಿಟ್ಟ ಜಾಡು ಯಾವುದು ಎಂಬುದು ಅವರಿಗೆ ಗೊತ್ತು. ನಕ್ಷೆಗೆ ಅದು ಗೊತ್ತಾಗುವುದಿಲ್ಲ. ಮಧ್ಯಾಹ್ನದ ಬಿಸಿಲ್ಗುದುರೆ ಬೇರೆ! ದೂರದ ಗುಡ್ಡವೊಂದು ನೀರಿನಲ್ಲಿ ತೇಲಿದ ಹಾಗೆ ಕಂಡು ದಿಕ್ಕೇ ತಪ್ಪುತ್ತದೆ. ಆಫ್‌ಲೈನ್ ನಕ್ಷೆಯ ಜೊತೆಗೆ ಒಂದು ಸಾದಾ ದಿಕ್ಸೂಚಿ ಇರಲಿ.

ಮುಂಬಯಿಯಿಂದ ಭುಜ್‌ಗೆ ಸುಮಾರು 850 ಕಿ.ಮೀ., ಪುಣೆಯಿಂದ ಇನ್ನೂ 150 ಸೇರಿಸಿ. ಒಂದೇ ದಿನದಲ್ಲಿ ಓಡಿಸುವ ಹಟ ಬೇಡ, ಅಹಮದಾಬಾದಿನ ಆಚೆ ವಿರಮ್‌ಗಾಮ್ ಸುತ್ತಮುತ್ತ ರಾತ್ರಿ ತಂಗಿ. ಗುಜರಾತಿನಲ್ಲಿ ಪಾನನಿಷೇಧ ಇದೆ. ಗೋವಾದಿಂದ ತಂದ ಬಾಟಲಿ ಡಿಕ್ಕಿಯಲ್ಲಿ ಉಳಿದಿದೆಯೇ ಎಂದು ಹೊರಡುವ ಮುನ್ನ ನೋಡಿಕೊಳ್ಳಿ. ಜನವರಿಯಲ್ಲಿ ಭುಜ್‌ನಲ್ಲಿ ಸೂರ್ಯ ಹುಟ್ಟುವುದು ಏಳೂವರೆಯ ಸುಮಾರಿಗೆ, ರಾತ್ರಿ ಚಳಿ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಮುಂಬಯಿಯವರ ತೆಳ್ಳಗಿನ ಸ್ವೆಟರ್ ಸಾಲದು.

ನಮ್ಮ ಕಡೆಯ ಕಾರುಗಳಲ್ಲಿ ಸಿಎನ್‌ಜಿ ಹೆಚ್ಚು. ಭುಜ್ ದಾಟಿದ ಮೇಲೆ ಸಿಎನ್‌ಜಿಯನ್ನು ನಂಬಬೇಡಿ, ಪೆಟ್ರೋಲ್ ಟ್ಯಾಂಕ್ ಪೂರ್ತಿ ತುಂಬಿಸಿ. ಸಿಲಿಂಡರಿನ ಭಾರಕ್ಕೆ ಹಿಂಭಾಗ ತಗ್ಗಿ ತಳ ಕೆರೆಯುತ್ತದೆ, ಅದೂ ನೆನಪಿರಲಿ. 45 ಲೀಟರ್ ಟ್ಯಾಂಕಿನ ಮೂರನೇ ಪಾಲು 15 ಲೀಟರ್. ಲೀಟರಿಗೆ 12 ಕಿ.ಮೀ. ಹಿಡಿದರೆ 180 ಕಿ.ಮೀ. ಭುಜ್‌ನಿಂದ ಧೋಳಾವೀರಾಕ್ಕೆ ಹೋಗಲು ಸಾಕು, ಮಧ್ಯೆ ಸುತ್ತಾಡಲು ಅಷ್ಟೇನೂ ಉಳಿಯದು. ವಾಪಸು ರಾಪರ್ ಕಡೆಯಿಂದ ಬಂದರೆ ಅಲ್ಲಿ ಪಂಪುಗಳಿವೆ. ನೀರು ತಲೆಗೆ ದಿನಕ್ಕೆ 5 ಲೀಟರ್. ನಾಲ್ವರಿಗೆ ಎರಡು ದಿನಕ್ಕೆ 40 ಲೀಟರ್, ಅಂದರೆ 20 ಲೀಟರಿನ ಎರಡು ಕ್ಯಾನ್. ಅವು ಛಾವಣಿಯ ಮೇಲೆ ಬೇಡ, ಮುಂದಿನ ಸೀಟಿನ ಹಿಂದೆ ನೆಲದಲ್ಲಿಡಿ. ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರು, ದೊಡ್ಡ ಪೊಟ್ಟಣವಾದರೆ ಸರಿಯಾಗಿ ಒಂದು ಲೀಟರ್, ಅದನ್ನು ಅರ್ಧ ಲೀಟರಿಗೆ ಕಲಸಿದರೆ ಉಪ್ಪು ಹೆಚ್ಚಾಗಿ ಕೆಡುಕೇ ಆಗುತ್ತದೆ.

ಧೋಳಾವೀರಾದಲ್ಲಿ ನೀರಿನ ಈ ಲೆಕ್ಕ ಕಲ್ಲಿನಲ್ಲೇ ಇದೆ. 1990ರಿಂದ ಪುರಾತತ್ವಜ್ಞ ಆರ್.ಎಸ್. ಬಿಷ್ಟ್ ಅವರ ಮುಂದಾಳ್ತನದಲ್ಲಿ ಅಗೆದು ತೆಗೆದ ಹರಪ್ಪಾ ಕಾಲದ ಈ ಊರು 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮನ್ಸರ್, ಮನ್ಹರ್ ಎಂಬ ಎರಡು ಮಳೆಗಾಲದ ಹಳ್ಳಗಳ ನಡುವೆ ಊರು ಕಟ್ಟಿ, ಅವಕ್ಕೆ ಒಡ್ಡು ಹಾಕಿ, ಬಂಡೆಯನ್ನೇ ಕೊರೆದು ಸಾಲಾಗಿ ಕೊಳ ಮಾಡಿ ಅವರು ನೀರು ಹಿಡಿದಿಟ್ಟರು. ಕೊಳದ ಮೆಟ್ಟಿಲು ಇಳಿದು ಗೋಡೆಯ ಮೇಲೆ ಕೈಯಾಡಿಸುತ್ತಾ ಅರ್ಧ ದಿನ ಕಳೆಯಬಹುದಾದ ಜಾಗ ಅದು. ಬರೀ ಬಿಳಿ ರಸ್ತೆಯ ಫೋಟೊ ತೆಗೆದು ಇಲ್ಲಿಗೆ ಬಾರದೆ ಹಿಂದಿರುಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಜಾಡಿನ ಪಕ್ಕದ ಹಿಟ್ಟಿನಂಥ ಧೂಳಿನಲ್ಲೋ ಒಣಗಿದ ಹಳ್ಳದ ಮರಳಿನಲ್ಲೋ ಚಕ್ರ ಸಿಕ್ಕಿಬೀಳಬಹುದು. ಚಕ್ರ ಒಂದು ಸುತ್ತು ಜಾರಿತೆಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಹೆಚ್ಚು ತಿರುಗಿಸಿದಷ್ಟೂ ಹೊಂಡ ಆಳವಾಗಿ, ಕೊನೆಗೆ ಕಾರಿನ ಹೊಟ್ಟೆ ನೆಲಕ್ಕೆ ಕೂತುಬಿಡುತ್ತದೆ. ಎಲ್ಲರನ್ನೂ ಇಳಿಸಿ. ನಾಲ್ಕೂ ಟೈರನ್ನು 18 ಪಿಎಸ್‌ಐಗೆ ಇಳಿಸಿ. 15ಕ್ಕಿಂತ ಕೆಳಗೆ ಹೋದರೆ ಟ್ಯೂಬ್‌ಲೆಸ್ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಎಂಜಿನ್ ಎಳೆಯುವ ಚಕ್ರಗಳ ಮುಂದೆ ಸಣ್ಣ ಸಲಿಕೆಯಿಂದ ಇಳಿಜಾರಾಗಿ ಬಗೆದು ರಬ್ಬರ್ ಮ್ಯಾಟ್ ಅಥವಾ ಟ್ರ್ಯಾಕ್ಷನ್ ಬೋರ್ಡ್ ಒಳಗೆ ತುರುಕಿ. ಸ್ಟೀರಿಂಗ್ ನೇರ, ಟ್ರ್ಯಾಕ್ಷನ್ ಕಂಟ್ರೋಲ್ ಆಫ್, ಎರಡನೇ ಗೇರು, ಕ್ಲಚ್ಚನ್ನು ನಿಧಾನ ಬಿಡಿ. ಬಂದ ಹಾದಿಯಲ್ಲೇ ರಿವರ್ಸ್ ಬರುವುದು ಬಹುಪಾಲು ಸುಲಭ, ಆ ನೆಲವನ್ನು ನಿಮ್ಮ ಟೈರೇ ಒತ್ತಿ ಗಟ್ಟಿ ಮಾಡಿದೆ. ಜಾಕ್ ಹಾಕಬೇಕಾದರೆ ಕೆಳಗೆ ಒಂದಡಿ ಚೌಕದ ದಪ್ಪ ಪ್ಲೈವುಡ್ ಬೇಕು, ಇಲ್ಲದಿದ್ದರೆ ಕಾರು ಏಳುವ ಬದಲು ಜಾಕ್ ಇಳಿಯುತ್ತದೆ. ಹಗ್ಗವನ್ನು ಬಂಪರಿಗೆ ಕಟ್ಟುವುದು ಬೇಡ. ಸ್ಟೆಪ್ನಿಯ ಜೊತೆಗಿರುವ ಕೊಕ್ಕೆಯನ್ನು ಬಂಪರಿನ ಮುಚ್ಚಳ ತೆಗೆದು ಪೂರ್ತಿ ತಿರುಗಿಸಿ ಕೂರಿಸಿ. ಕೆಲವು ಯುರೋಪಿಯನ್ ಕಾರುಗಳಲ್ಲಿ ಅದರ ಥ್ರೆಡ್ ಎಡಕ್ಕೆ ತಿರುಗುತ್ತದೆ. ಮನೆಯಲ್ಲೇ ಒಮ್ಮೆ ಹಾಕಿ ನೋಡಿ.

ಡಾಂಬರಿಗೆ ಹತ್ತುವ ಮೊದಲು ಗಾಳಿ ತುಂಬಲೇಬೇಕು. ಗಾಳಿ ಕಡಿಮೆಯಿರುವ ಟೈರಿನ ಪಕ್ಕಗಳು ವೇಗದಲ್ಲಿ ಮತ್ತೆ ಮತ್ತೆ ಮಡಚಿ ಕಾದು ಸಿಡಿಯುತ್ತವೆ. ಕಂಪ್ರೆಸರ್ ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು ಒಳ್ಳೆಯದು. ಲೈಟರ್ ಸಾಕೆಟ್ಟಿನದಾದರೆ ಎಂಜಿನ್ ಚಾಲೂ ಇಟ್ಟು, ಎರಡು ಟೈರಿಗೊಮ್ಮೆ ತಣಿಯಲು ಬಿಡಿ, ಒಂದು ಹೆಚ್ಚುವರಿ ಫ್ಯೂಸ್ ಜೇಬಿನಲ್ಲಿರಲಿ.

ಉಪ್ಪು ಕಾರಿಗೆ ಮಾಡುವ ಹಾನಿ ಗೊತ್ತಾಗುವುದು ಮುಂದಿನ ಮಳೆಗಾಲದಲ್ಲಿ. ಸೈಲೆನ್ಸರ್ ಜೋಡಣೆ, ಬ್ರೇಕ್ ಪೈಪು, ಬ್ಯಾಟರಿಯ ಅರ್ಥ್ ವೈರು ಕೂರುವ ಬೋಲ್ಟು, ತುಕ್ಕು ಶುರುವಾಗುವುದು ಇಲ್ಲಿಂದ. ಅದೇ ದಿನ, ಹೆಚ್ಚೆಂದರೆ ಮರುದಿನ ಬೆಳಗ್ಗೆ ಭುಜ್ ಅಥವಾ ಭಚಾವ್‌ನಲ್ಲಿ ಸಿಹಿನೀರಿನಿಂದ ತಳ ತೊಳೆಸಿ. ಮೊದಲು ಕಡಿಮೆ ಒತ್ತಡದಲ್ಲಿ ನೆನೆಸಿ ಕೆಸರು ಬಿಡಿಸುವುದು, ಆಮೇಲೆ ಜೋರಾಗಿ. ಬಳಸಿದ ನೀರನ್ನೇ ಮತ್ತೆ ಬಳಸುವ ಕಡೆ ತೊಳೆಸಿದರೆ ಬೇರೆಯವರ ಉಪ್ಪನ್ನೂ ಬಳಿಸಿಕೊಂಡಂತಾಯಿತು. ತೊಳೆದ ಮೇಲೆ ಒಂದೆರಡು ಕಿ.ಮೀ. ಮೆಲ್ಲಗೆ ಬ್ರೇಕ್ ಒತ್ತುತ್ತಾ ಓಡಿಸಿ ಒಣಗಿಸಿ. ಆ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಎಳೆದಿಟ್ಟರೆ ಬೆಳಗ್ಗೆ ಹಿಂದಿನ ಡ್ರಮ್ ಕಚ್ಚಿಕೊಂಡಿರುತ್ತದೆ.

ಇನ್ನು ಗುಹೆ. ಮುಂಬಯಿಯಲ್ಲಿ ಗುಹೆ ಎಂದರೆ ಕಾನ್ಹೇರಿ, ಎಲಿಫೆಂಟಾ. ಪುಣೆಯವರಿಗೆ ಕಾರ್ಲಾ, ಭಾಜಾ. ಅವೆಲ್ಲ ಬಸಾಲ್ಟ್ ಬಂಡೆಯಲ್ಲಿ ಉಳಿ ಹಿಡಿದು ಮನುಷ್ಯ ಕೊರೆದವು. ಬಸಾಲ್ಟ್ ನೀರಿಗೆ ಸುಣ್ಣಕಲ್ಲಿನಂತೆ ಕರಗುವುದಿಲ್ಲ, ಹಾಗಾಗಿ ನೀರು ಕೊರೆದ ಗುಹೆ ನೋಡಲು ಸುಣ್ಣಕಲ್ಲಿನ ಸೀಮೆಗೇ ಹೋಗಬೇಕು. ಬೆಲುಂ ಇರುವುದು ಆಂಧ್ರದ ಕೊಲಿಮಿಗುಂಡ್ಲ ಬಳಿ. ಸೊಲ್ಲಾಪುರ, ವಿಜಯಪುರ, ಹೊಸಪೇಟೆ, ಬಳ್ಳಾರಿ, ಗುಂತಕಲ್, ತಾಡಿಪತ್ರಿ ದಾರಿಯಲ್ಲಿ ಪುಣೆಯಿಂದ 750ರಿಂದ 800 ಕಿ.ಮೀ. ದಾರಿಯ ಅರ್ಧದಷ್ಟಾದರೂ ಕನ್ನಡ ನಡೆಯುತ್ತದೆ. 1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ದಾಖಲಿಸಿದರು. 1980ರ ದಶಕದ ಮೊದಲಲ್ಲಿ ಡೇನಿಯಲ್ ಗೆಬಾವರ್ ಅವರ ಜರ್ಮನ್ ತಂಡ ಒಳಗೆಲ್ಲ ಅಳೆಯಿತು. ಒಟ್ಟು ಉದ್ದ 3,229 ಮೀಟರ್, ಜನರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿ.ಮೀ. 2002ರಿಂದ ದೀಪ, ಮೆಟ್ಟಿಲು, ಗಾಳಿಯ ವ್ಯವಸ್ಥೆ ಇದೆ. ಅತಿ ಆಳದ ಜಾಗ ಪಾತಾಳಗಂಗೆ, ಪ್ರವೇಶದ್ವಾರದಿಂದ 46 ಮೀಟರ್ ಕೆಳಗೆ. ನೀರು ಅಲ್ಲಿ ಹರಿದು ನೆಲದೊಳಗೇ ಮಾಯವಾಗುತ್ತದೆ.

ಗುಹೆ ತಂಪಾಗಿರುತ್ತದೆ ಎಂದುಕೊಂಡು ಇಳಿಯಬೇಡಿ. ಒಳಗೆ ಸೆಕೆ, ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ. ಮಾಟುಂಗಾ ಸ್ಟೇಷನ್ನಿನ ಮೇ ತಿಂಗಳ ಮಧ್ಯಾಹ್ನವನ್ನು ನೆನೆದುಕೊಳ್ಳಿ. ಹತ್ತಿ ಬಟ್ಟೆ, ತಳ ಜಾರದ ಶೂ, ತಲೆಗೆ ಅರ್ಧ ಲೀಟರ್ ನೀರು. ಏಸಿ ಕಾರಿನಿಂದ ಇಳಿದ ಕ್ಯಾಮೆರಾದ ಲೆನ್ಸ್ ಮಂಜಾಗುತ್ತದೆ, ಇಪ್ಪತ್ತು ನಿಮಿಷ ಚೀಲದೊಳಗೇ ಬೆಚ್ಚಗಾಗಲು ಬಿಡಿ. ದೀಪಗಳಿವೆಯಲ್ಲ ಎನ್ನಬೇಡಿ, ಕರೆಂಟು ಹೋದಾಗಿನ ಕತ್ತಲು ಕಣ್ಣಿಗೆ ಹೊಂದಿಕೊಳ್ಳುವ ಜಾತಿಯದಲ್ಲ. ಗುಹೆಗಿಳಿಯುವವರ ಹಳೆಯ ಪದ್ಧತಿಯಂತೆ ಒಬ್ಬೊಬ್ಬರಿಗೂ ಮೂರು ಬೆಳಕು ಬೇಕು. ತಲೆಗೆ ಕಟ್ಟುವ ದೀಪ ಒಂದು, ಕೈದೀಪ ಒಂದು, ಜೇಬಿನಲ್ಲಿ ಇನ್ನೊಂದು. ಫೋನ್ ಲೆಕ್ಕಕ್ಕಿಲ್ಲ. ತಗ್ಗಿನ ಜಾಗಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದೀತು. ಕೂತಿದ್ದರೂ ಉಸಿರು ಜೋರಾಗಿ ತಲೆನೋವು ಬಂದರೆ ತಡಮಾಡದೆ ಮೇಲಕ್ಕೆ ಬನ್ನಿ, ಆಸ್ತಮಾ ಇರುವವರು ಪಾತಾಳಗಂಗೆಯವರೆಗೆ ಇಳಿಯದಿರುವುದೇ ವಾಸಿ. ಬೇಲಿ ಹಾಕಿದ ಕವಲುಗಳಿಗೆ ಹೋಗುವುದು ಬೇಡವೇ ಬೇಡ.

ಗುಹೆಯೊಳಗೆ ಕೋಟಿಲಿಂಗ ಎಂಬ ಜಾಗದ ಹತ್ತಿರ ತೂಗುವ ಸುಣ್ಣದ ಕುಡಿಗಳನ್ನು ಮುಟ್ಟಲು ಕೈ ಹೋಗುತ್ತದೆ, ಮಕ್ಕಳದಂತೂ ಹೋಗೇ ಹೋಗುತ್ತದೆ. ದಯವಿಟ್ಟು ತಡೆಯಿರಿ. ಇಂಥವು ಬೆಳೆಯುವುದು ನೂರು ವರ್ಷಕ್ಕೆ ಬೆರಳಗಲ ಆದರೆ ಹೆಚ್ಚು. ಬೆರಳಿನ ಜಿಡ್ಡು ಅಂಟಿದ ಕಡೆ ನೀರು ಸುಣ್ಣ ಬಿಡುವುದು ನಿಲ್ಲುತ್ತದೆ, ಕಪ್ಪು ಕಲೆ ಉಳಿಯುತ್ತದೆ.

ಬೆಲುಂಗೆ ಮಧ್ಯಾಹ್ನ ಮೂರರೊಳಗೆ ತಲುಪಿ, ಒಳಗೆ ಒಂದೂವರೆ ಗಂಟೆ ಬೇಕು. ಮರುದಿನ ಪೆನ್ನಾ ನದಿ ಕೊರೆದ ಗಂಡಿಕೋಟದ ಕಮರಿಗೆ ಹೋಗುವುದಾದರೆ ಜಮ್ಮಲಮಡುಗಿನಲ್ಲಿ ನೀರು, ಪೆಟ್ರೋಲ್ ತುಂಬಿಸಿಕೊಂಡು ಬೆಳಗಿನ ಬಿಸಿಲು ಏರುವ ಮೊದಲೇ ಕೋಟೆಯೊಳಗಿರಿ. ಕಮರಿಯ ಅಂಚಿನ ಬಂಡೆಗಳಿಗೆ ಕಟಾಂಜನ ಇಲ್ಲ, ಮಕ್ಕಳ ಕೈ ಬಿಡಬೇಡಿ.