ದಕಾರ, ಧಕಾರ ಮತ್ತು ಒಂದು ಸಣ್ಣ ಗೀಟು

ಇನ್ನೂರು ಪುಟಗಳ ಕನ್ನಡ ಪುಸ್ತಕವೊಂದರ ಕರಡು ತಿದ್ದಲು ಕುಳಿತ ದಿನವದು. ಪುಟ ಇಡಿಯಾಗಿ ಕಾಣಲೆಂದು 24 ಅಂಗುಲದ ಮಾನಿಟರನ್ನು ಹಿಂದಿನ ರಾತ್ರಿಯೇ ನಿಲುವಾಗಿ ತಿರುಗಿಸಿಟ್ಟಿದ್ದೆ. ಹತ್ತು ಪುಟ ದಾಟುವಷ್ಟರಲ್ಲಿ ಕಣ್ಣು ಉರಿಯತೊಡಗಿತು. ಅದನ್ನಾದರೂ ಸಹಿಸಬಹುದಿತ್ತು, ಆದರೆ ತೆರೆಯ ಮೇಲಿದ್ದದ್ದು ‘ಸಾಧನೆ’ಯೋ ‘ಸಾದನೆ’ಯೋ ಎಂಬುದೇ ತಿಳಿಯದಾದಾಗ ಕೆಲಸ ನಿಲ್ಲಿಸಲೇಬೇಕಾಯಿತು. ದಕಾರವನ್ನು ಧಕಾರವಾಗಿಸುವುದು ಕೆಳಗಿನ ಒಂದು ಸಣ್ಣ ಗೀಟು ಮಾತ್ರ. ಅದು ಮಸುಕಾದರೆ ಕರಡು ತಿದ್ದುವವರಿಗೆ ಉಳಿಯುವುದು ಊಹೆಯೊಂದೇ.

ರೆಸಲ್ಯೂಷನ್ ನೋಡಿದೆ; ಮಾನಿಟರಿನ ಸಹಜ ಅಳತೆಯಾದ 1920×1080ರಲ್ಲೇ ಇತ್ತು. ಬಳಿಕ ಭೂತಗನ್ನಡಿ ಹಿಡಿದು ಆ ಧಕಾರವನ್ನು ನೋಡಿದಾಗ ಅಕ್ಷರದ ಅಂಚಿನಲ್ಲಿ ಕೆಂಪು, ನೀಲಿ ಛಾಯೆಗಳು ಕಂಡವು. ಗೀಟು ಇರಬೇಕಾದಲ್ಲಿ ಬಣ್ಣದ ಕಲೆಯೊಂದಿತ್ತು. ಕಾರಣ ಆಗ ಹೊಳೆಯಿತು. ಎಲ್‌ಸಿಡಿ ತೆರೆಯ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಸಾಮಾನ್ಯವಾಗಿ ಅಕ್ಕಪಕ್ಕ ಇರುತ್ತವೆ. ಅವನ್ನು ಬಿಡಿಬಿಡಿಯಾಗಿ ಬೆಳಗಿಸಿ ಅಕ್ಷರದ ಅಂಚನ್ನು ನಯಗೊಳಿಸುವುದೇ ಸಬ್‌ಪಿಕ್ಸೆಲ್ ವಿಧಾನ. ಮಾನಿಟರನ್ನು ನಾನು ತಿರುಗಿಸಿದ್ದರಿಂದ ಪಟ್ಟಿಗಳು ಒಂದರ ಮೇಲೊಂದು ಬಂದಿದ್ದವು, ನನ್ನ ಲಿನಕ್ಸ್ ಗಣಕವಾದರೋ ಅವು ಇನ್ನೂ ಅಕ್ಕಪಕ್ಕದಲ್ಲೇ ಇವೆಯೆಂದು ಅಕ್ಷರ ಬಿಡಿಸುತ್ತಿತ್ತು.

ಸಬ್‌ಪಿಕ್ಸೆಲ್ ತೆಗೆದು ಬರೀ ಬೂದುಛಾಯೆಯ ನಯಗೊಳಿಸುವಿಕೆಯನ್ನು ಇಟ್ಟು ನೋಡಿದೆ. ಆಪಲ್ ಗಣಕಗಳ ಕಾರ್ಯಾಚರಣ ವ್ಯವಸ್ಥೆಯಾದ ಮ್ಯಾಕ್‌ಒಎಸ್ 2018ರ ಮೊಹಾವೆ ಆವೃತ್ತಿಯಿಂದ ಹಿಡಿದಿರುವ ದಾರಿಯೂ ಇದೇ. ಪಿಕ್ಸೆಲ್‌ಗಳು ಒತ್ತೊತ್ತಾಗಿರುವ ತೆರೆಗೆ ಅದು ಸಾಕು. ಅಂಗುಲಕ್ಕೆ ಸುಮಾರು 92 ಪಿಕ್ಸೆಲ್‌ಗಳಷ್ಟೇ ಇರುವ ನನ್ನ ತೆರೆಯಲ್ಲಿ ಬಣ್ಣ ಹೋಯಿತಾದರೂ ಗೀಟು ಮಂಜಿನಂತೆಯೇ ಉಳಿಯಿತು. ಕೊನೆಗೆ ಲಿನಕ್ಸ್‌ನಲ್ಲಿ ಫಾಂಟ್‌ಗಳನ್ನು ನಿರ್ವಹಿಸುವ ಫಾಂಟ್‌ಕಾನ್ಫಿಗ್‌ನ ಕಡತದಲ್ಲಿ ಪಟ್ಟಿಗಳ ಕ್ರಮವನ್ನು ‘ವಿಆರ್‌ಜಿಬಿ’ (ಮೇಲಿನಿಂದ ಕೆಳಕ್ಕೆ ಕೆಂಪು, ಹಸಿರು, ನೀಲಿ) ಎಂದು ಬದಲಿಸಿದೆ, ಛಾಯೆ ಇನ್ನೂ ಹೆಚ್ಚಿತು. ಮಾನಿಟರ್ ತಿರುಗಿದ್ದು ಇನ್ನೊಂದು ದಿಕ್ಕಿಗೆ. ಕ್ರಮವನ್ನು ತಿರುವುಮುರುವಾಗಿಸಿ ‘ವಿಬಿಜಿಆರ್’ ಎಂದು ಬರೆದು ತಂತ್ರಾಂಶವನ್ನು ಮತ್ತೆ ತೆರೆದಾಗ ಅಂಚುಗಳು ತಿಳಿಯಾದವು.

ಇನ್ನು ಹಿಂಟಿಂಗ್. ಅಕ್ಷರದ ರೇಖೆಗಳನ್ನು ಪಿಕ್ಸೆಲ್ ಚೌಕಗಳಿಗೆ ಹೊಂದಿಸಿ ಕೂರಿಸುವ ಈ ಕ್ರಮ ನನ್ನಲ್ಲಿ ‘ಫುಲ್’ ಎಂದಿತ್ತು. ನೇರ ಕಂಬಗಳಂಥ ಇಂಗ್ಲಿಷ್ ಅಕ್ಷರಗಳಿಗೆ ಅದು ಒಪ್ಪೀತು, ಆದರೆ ದುಂಡಗಿನ ಕನ್ನಡ ಅಕ್ಷರಗಳನ್ನು ಚೌಕಕ್ಕೆ ಎಳೆದರೆ ಅವುಗಳ ಬಾಗೇ ಮುರಿಯುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ‘ಸ್ಲೈಟ್’ ಎಂದು ಇಟ್ಟರೆ ಹೊಂದಿಕೆ ಮೇಲೆ ಕೆಳಗೆ ಮಾತ್ರ ನಡೆಯುತ್ತದೆ, ಅಕ್ಷರದ ಅಗಲ ಕೆಡುವುದಿಲ್ಲ. ಹಾಗೆಯೇ ಇಟ್ಟು, ಫಾಂಟನ್ನೂ ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿದ ಮೇಲೆ ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳದೆ ಬಿಡಿಯಾಗಿ ನಿಂತವು.

ಮುಗಿಸಿದ್ದ ಹತ್ತು ಪುಟಗಳನ್ನು ಮತ್ತೆ ಮೊದಲಿನಿಂದ ಓದಿದೆ. ಐದನೆಯ ಪುಟದಲ್ಲಿ, ಬೆಳಿಗ್ಗೆ ನಾನು ಸರಿಯೆಂದು ದಾಟಿಬಂದಿದ್ದ ‘ಸಾದನೆ’ಯೊಂದು ಗೀಟಿಲ್ಲದೆ ನಿಚ್ಚಳವಾಗಿ ಕಾಣುತ್ತಿತ್ತು.